ಕೋಲಾರದ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದೇನೆ: ನೀರನ್ನು ಕುದಿಸಿದರೆ ಸಾಕೇ?

ಪ್ರಶ್ನೆ
ಮೆಥಡಿಸ್ಟ್ ಮಿಷನ್ನಿನವರು 1910ರಲ್ಲಿ ಆರಂಭಿಸಿದ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ನನ್ನ ಸೋದರಮಾವ ದಾಖಲಾಗಿದ್ದು, ನಾಲ್ಕು ದಿನ ಅವರ ಜೊತೆಗಿರಲು ಏಳು ವರ್ಷದ ಮಗಳೊಂದಿಗೆ ಬೆಂಗಳೂರಿನಿಂದ ಹೊರಟಿದ್ದೇನೆ. ರಾತ್ರಿ ಮಾವನ ಹಳ್ಳಿಯ ಮನೆಯಲ್ಲಿ ತಂಗಬೇಕು. ಅಲ್ಲಿ ಕೊಳವೆಬಾವಿಯ ನೀರೇ ಗತಿ. ಫ್ಲೋರೈಡ್ ಹೆಚ್ಚೆಂದು ಕೇಳಿದ್ದೇನೆ. ನೀರನ್ನು ಚೆನ್ನಾಗಿ ಕುದಿಸಿಕೊಂಡರೆ ಸಾಕೇ? ಅತ್ತೆಗೊಂದು ಕ್ಯಾಂಡಲ್ ಫಿಲ್ಟರ್ ಒಯ್ಯುವ ಯೋಚನೆಯೂ ಇದೆ.

ಕೋಲಾರದವಳು
ಸಾಲದು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್ ಕೂಡ ಕರಗಿದ ಫ್ಲೋರೈಡನ್ನು ತಡೆಯಲಾರದು, ಆ ಹಣವನ್ನು ಉಳಿಸಿಕೊಳ್ಳಿ. ಹಾಗೆಂದು ನಾಲ್ಕು ದಿನಕ್ಕೆ ಹೆದರಬೇಕಾಗಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನಲ್ಲಿ, ಮೂಳೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ನಮ್ಮಲ್ಲಿ ಫ್ಲೋರೈಡನ್ನೂ ತೆಗೆಯುವ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿಯ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಬರುತ್ತಾರೆ. ಆದರೆ ಅದನ್ನು ಕುಡಿಯುವುದಕ್ಕೆಂದು ಮೀಸಲಿಟ್ಟು, ಬೇಳೆ ಬೇಯಿಸುವುದಕ್ಕೂ ಮುದ್ದೆಗೆ ಎಸರಿಡುವುದಕ್ಕೂ ಕೊಳವೆಬಾವಿಯ ನೀರನ್ನೇ ಬಳಸುವ ಮನೆಗಳು ಬಹಳ. ರಾಗಿ ಹಿಟ್ಟು ಎಸರನ್ನೆಲ್ಲ ಹೀರಿಕೊಳ್ಳುವುದರಿಂದ ಫ್ಲೋರೈಡ್ ನೇರವಾಗಿ ತಟ್ಟೆಗೇ ಬರುತ್ತದೆ. ಅತ್ತೆಯವರಿಗೆ ಎರಡನೆಯದೊಂದು ಕ್ಯಾನು ಕೊಡಿಸಿ, ಅಡುಗೆಗೂ ಘಟಕದ ನೀರನ್ನೇ ಬಳಸಲು ಹೇಳಿ.

ನಿವೃತ್ತ ತಂತ್ರಜ್ಞ
ಬೇರೊಂದು ಮಿಷನ್ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿದ್ದವನು ನಾನು. ಯಂತ್ರಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಂತೆ, ನಾಲ್ಕು ತಾಸಿನ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಆರ್‌.ಒ. (ಪೊರೆಯ ಮೂಲಕ ನೀರನ್ನು ಸೋಸುವ) ಘಟಕ ಹೊರಚೆಲ್ಲುವ ಉಪ್ಪುನೀರು ಅದರ ಮೇಲೆ. ಅದನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸುತ್ತಿದ್ದೆವು. ಬೇಸಿಗೆಯಲ್ಲಿ ಟ್ಯಾಂಕರ್ ಬರುವುದು ತಡವಾದರೆ ರೋಗಿಗಳಿಗಿಂತ ಮೊದಲು ನಮಗೇ ಉಸಿರುಗಟ್ಟುತ್ತಿತ್ತು. ನೀರಿಗೆ ಇಂಥ ಕೊರತೆಯಿರುವ ಊರಿನ ಆಸ್ಪತ್ರೆಗೆ ಹೋಗುವವರು ಬಟ್ಟೆ ಒಗೆಯುವುದನ್ನಾದರೂ ಮನೆಗೆ ಮರಳುವವರೆಗೆ ಮುಂದೂಡಿದರೆ ಉಪಕಾರವಾಗುತ್ತದೆ.

ನರಸಾಪುರದ ರೈತ
ದಾರಿಯಲ್ಲಿ ತುಂಬಿದ ಕೆರೆ ಕಂಡು ಮಗು ಇಳಿದೀತು, ನೋಡಿಕೊಳ್ಳಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಲಕ್ಷ್ಮೀಸಾಗರ ಕೆರೆಯೂ ಸೇರಿದಂತೆ ನಮ್ಮ ಕೆರೆಗಳಿಗೆ ಹರಿಯುತ್ತಿರುವುದು ಎರಡು ಹಂತಗಳಲ್ಲಿ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು. ಅಂತರ್ಜಲ ಮರುಪೂರಣಕ್ಕೆ ಬಂದದ್ದು, ಕುಡಿಯುವುದಕ್ಕಲ್ಲ. ನಿಮ್ಮ ಬಚ್ಚಲಿನ ನೀರು ನಿಮಗಿಂತ ಮೊದಲೇ ಇಲ್ಲಿಗೆ ತಲುಪಿರಬಹುದು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಫಿಲ್ಟರನ್ನು ಕೈಬಿಟ್ಟು ಕ್ಯಾನು ಕೊಳ್ಳುತ್ತೇನೆ. ಘಟಕಕ್ಕೆ ಐದರ ನಾಣ್ಯವೇ ಆಗಬೇಕೇ?

ಕೋಲಾರದವಳು
ಐದರದ್ದೇ. ಬೆಂಗಳೂರಿನಲ್ಲೇ ಹತ್ತಾರು ಕೂಡಿಟ್ಟುಕೊಂಡು ಬನ್ನಿ, ಇಲ್ಲಿನ ಅಂಗಡಿಯವರು ಬಿಟ್ಟುಕೊಡುವುದಿಲ್ಲ.