30,000 ಕಿ.ಮೀ. ಸರ್ವಿಸ್ ಎಸ್ಟಿಮೇಟ್ 13,530: ಇದ್ರಾಗ ಯಾವ್ದು ಬೇಕು, ಯಾವ್ದು ಬ್ಯಾಡ?

ಕೆಎ28 ಸವಾರಿ (ವಿಜಯಪುರ)

ನಮಸ್ಕಾರ್ರಿ ಎಲ್ಲಾರ್ಗೂ. ಗಾಡಿ 1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೂರು ವರ್ಷದ್ದು. ವರ್ಕ್‌ಶಾಪಿನವ್ರು ಕೊಟ್ಟ ಎಸ್ಟಿಮೇಟ್ ಹಿಂಗದ: ಆಯಿಲ್ (4 ಲೀಟರ್), ಆಯಿಲ್ ಫಿಲ್ಟರ್, ಡ್ರೇನ್ ವಾಷರ್, ಏರ್ ಫಿಲ್ಟರ್, ಲೇಬರ್ ಎಲ್ಲಾ ಕೂಡಿ 5,200. ಅದರ ಮ್ಯಾಲೆ ಎಂಜಿನ್ ಫ್ಲಶ್ 450, ಇಂಜೆಕ್ಟರ್ ಕ್ಲೀನರ್ 390, ಥ್ರಾಟಲ್ ಬಾಡಿ ಕ್ಲೀನಿಂಗ್ 650, ಎಸಿ ಡಿಸಿನ್ಫೆಕ್ಟಂಟ್ 950, ಅಂಡರ್‌ಬಾಡಿ ಕೋಟಿಂಗ್ 2,600, ಸೈಲೆನ್ಸರ್ ಕೋಟಿಂಗ್ 850, ಬ್ರೇಕ್ ಓವರ್‌ಹಾಲ್ 900, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 950, ವೇಟ್ 240, ಎಂಜಿನ್ ಡ್ರೆಸ್ಸಿಂಗ್ 350. ಹೆಚ್ಚಿಂದೇ 8,330 ಆತು.

ಐಡ್ಲಿಂಗ್ ಸರಿ ಅದ, ಸ್ಟೇರಿಂಗ್ ಎಳೆಯೂದಿಲ್ಲ, ಎಸಿ ವಾಸನಿ ಇಲ್ಲ. ಇಂಡಿ, ಸಿಂದಗಿ ಕಡೆ ಓಡಾಟ, ಹೊಲದ ದಾರಿನೂ ಬರ್ತಾವ. ಇವು ಬ್ಯಾಡ ಅಂದ್ರ ವಾರಂಟಿ ಹೋಗ್ತದೇನ್ರಿ?

ಪಾನಾ ನಂಬರ್ 12 (ಬಾಗಲಕೋಟೆ)

ಸರ್, ಗಾಡಿ ಜೋಡಿ ಬಂದ ಪುಸ್ತಕ ಮೊದಲ ತಗೀರಿ. ಅದರಾಗ ಸರ್ವಿಸ್ ಕೋಷ್ಟಕ ಇರತೈತಿ. 30,000ದ ಸಾಲಿನಾಗ ಬದಲಿ ಅಂತ ಬರದದ್ದು ಬದಲಿ ಮಾಡಸಬೇಕು, ತಪಾಸಣೆ ಅಂತ ಬರದದ್ದು ನೋಡಸಬೇಕು. ಫ್ಲಶ್, ಡ್ರೆಸ್ಸಿಂಗ್, ಕೋಟಿಂಗ್ ಅದರಾಗ ಸಿಗೂದಿಲ್ಲ. ಕೋಷ್ಟಕದಾಗ ಇಲ್ಲದ್ದನ್ನ ಬ್ಯಾಡ ಅಂದ್ರ ವಾರಂಟಿಗೆ ಧಕ್ಕಿ ಇಲ್ರಿ.

ಫ್ಲಶ್ ಅಂದ್ರ ಹಳೇ ಆಯಿಲಿನಾಗ ಒಂದು ಸಾಲ್ವೆಂಟ್ ಸುರುವಿ, ಎಂಜಿನ್ ಹತ್ತು ಹದಿನೈದು ನಿಮಿಷ ಐಡ್ಲಿಂಗ್ ಬಿಟ್ಟು, ಆಮ್ಯಾಲೆ ಆಯಿಲ್ ಇಳಸೂದು. ಸಂಪಿನ (ಎಂಜಿನ್ ಕೆಳಗ ಆಯಿಲ್ ನಿಲ್ಲೂ ತಟ್ಟಿ) ತಳದಾಗ ಉಳದದ್ದು ಹೊಸ ಆಯಿಲ್ ಕೂಡ ಬೆರತು ಅದನ್ನ ತೆಳು ಮಾಡತೈತಿ. ವ್ಯಾಳೇಕ್ಕ ಆಯಿಲ್ ಬದಲಾದ ಎಂಜಿನ್‌ದಾಗ ತೊಳಿಯಾಕ ಏನೂ ಇರೂದಿಲ್ಲ. ವರ್ಷಗಟ್ಟಲೆ ಆಯಿಲ್ ಬದಲಿಸದ ಎಂಜಿನ್‌ಗೆ ಹಾಕಿದ್ರ ಇನ್ನೂ ಕಷ್ಟ: ಕಿತ್ತು ಬಂದ ಗಸಿ ಆಯಿಲ್ ಪಂಪಿನ ಜಾಳಿಗೆ ಅಡ್ಡ ಕುಂದರತೈತಿ.

ಥ್ರಾಟಲ್ ಬಾಡಿ (ಎಂಜಿನ್ ಒಳಗ ಹೋಗೂ ಹವಾ ಹೆಚ್ಚು ಕಡಿಮಿ ಮಾಡೂ ಭಾಗ) ತೊಳಿಯೂದು ಆರ್‌ಪಿಎಂ ಮುಳ್ಳು ಏರಿಳಿತ ಮಾಡಿದ್ರ, ಸಿಗ್ನಲ್‌ದಾಗ ಎಂಜಿನ್ ಬಂದ್ ಆಗಾಕತ್ತಿದ್ರ ಮಾತ್ರ. ನಿಮಗ ಆ ಲಕ್ಷಣ ಇಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್ ತೊಳದ ಮ್ಯಾಲೆ ಐಡಲ್ ರೀಲರ್ನ್ (ಐಡ್ಲಿಂಗ್ ಅಳತಿ ಕಂಪ್ಯೂಟರಿಗೆ ಮತ್ತ ಕಲಸೂದು) ಮಾಡಬೇಕಾಗತೈತಿ. ಅದನ್ನ ಬಿಟ್ರ ಇಲ್ಲದ ತಕರಾರು ಹೊಸದಾಗಿ ಸುರು. ಇಂಜೆಕ್ಟರ್ ಕ್ಲೀನರ್, ಡ್ರೆಸ್ಸಿಂಗ್ (ಎಂಜಿನ್ ಮ್ಯಾಲೆ ಹೊಳಪಿಗೆ ಹೊಡಿಯೂ ಸ್ಪ್ರೇ) ಎರಡೂ ಪಟ್ಟಿಯಿಂದ ಹೊಡದು ಹಾಕ್ರಿ.

ಬ್ರೇಕ್ ವಿಷಯ ಸ್ವಲ್ಪ ನಿಂತು ನೋಡ್ರಿ. ಓವರ್‌ಹಾಲ್ ಅಂದ್ರ ಕ್ಯಾಲಿಪರ್ (ಪ್ಯಾಡ್ ಒತ್ತಿ ಹಿಡಿಯೂ ಭಾಗ) ಬಿಚ್ಚಿ ಸೀಲ್ ಬದಲಿಸೂದು. 900ಕ್ಕ ಅದು ಆಗೂದಿಲ್ಲ, ಅವರು ಮಾಡೂದು ಕ್ಲೀನಿಂಗ್. ಹೊಲದ ದಾರಿ ಅಂದ್ರ ಹಿಂದಿನ ಡ್ರಮ್ಮಿನಾಗ ಧೂಳು ತುಂಬಿರತೈತಿ, ಅದನ್ನ ಬಿಚ್ಚಿ ತಗಸೂದು ಒಳ್ಳೇದು. ಆದ್ರ ಲೇಬರಿನಾಗ ಬ್ರೇಕ್ ತಪಾಸಣೆ ಸೇರೇತೇನು ಕೇಳ್ರಿ, ಒಂದ ಕೆಲಸಕ್ಕ ಎರಡು ಸಲ ರೊಕ್ಕ ಕೊಡಬ್ಯಾಡ್ರಿ. ಮುಂದಿನ ಪ್ಯಾಡ್ ಎಷ್ಟು ಮಿಲಿಮೀಟರ್ ಉಳದೈತಿ ಅಂತ ಜಾಬ್ ಕಾರ್ಡಿನಾಗ (ವರ್ಕ್‌ಶಾಪಿನವರು ಕೆಲಸದ ಪಟ್ಟಿ ಬರಿಯೂ ಹಾಳಿ) ಬರಸ್ರಿ.

ನನಗ ಬ್ಯಾಸರ ಆಗಿದ್ದು ಬ್ಯಾರೆ. 8,330ದ ಪಟ್ಟಿ ಮಾಡ್ಯಾರ, ಬ್ರೇಕ್ ಆಯಿಲ್ ಎಲ್ಲೂ ಇಲ್ಲ! ಬಾಳ ಗಾಡಿಗೆ ಅದು ಎರಡು ವರ್ಷಕ್ಕೊಮ್ಮೆ ಬದಲಿ. ಅದು ಹವಾದಾಗಿನ ನೀರಿನ ಪಸಿ ಹೀರಕೋತೈತಿ, ಆಗ ಬಿಸಿಗೆ ಜಲ್ದಿ ಕುದಿತೈತಿ, ಪೆಡಲ್ ಮೆತ್ತಗ ಆಗತೈತಿ. ಹಿಂದಿನ ಬಿಲ್ಲಿನಾಗ ಇಲ್ಲಂದ್ರ ಈ ಸಲ ಬದಲಿಸ್ರಿ. ಯಾವ ದರ್ಜೆದು, ಡಾಟ್ 3 ಬೇಕೋ 4 ಬೇಕೋ, ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳದ ಮ್ಯಾಲ ಬರದಿರತೈತಿ.

ಕೆಎ22 ಲೆಕ್ಕ (ಬೆಳಗಾವಿ)

ಆಯಿಲ್ 4 ಲೀಟರ್ ಎಂಬುದನ್ನು ಮೊದಲು ಪ್ರಶ್ನಿಸಿ. 1.2 ಪೆಟ್ರೋಲ್ ಎಂಜಿನ್ನುಗಳಲ್ಲಿ ಹೆಚ್ಚಿನವಕ್ಕೆ ಫಿಲ್ಟರ್ ಸಹಿತ 3ರಿಂದ 3.6 ಲೀಟರ್ ಸಾಕು. ನಿಮ್ಮದರ ಅಳತೆ ಪುಸ್ತಕದಲ್ಲಿದೆ. ಬ್ಯಾರಲ್‌ನಿಂದ ಹಾಕುವವರು ಹಾಕಿದಷ್ಟಕ್ಕೇ ಬಿಲ್ ಮಾಡಬೇಕು. ಡಬ್ಬಿ ಒಡೆದು ಹಾಕಿದರೆ ಉಳಿದ ಆಯಿಲ್ ನಿಮ್ಮದು, ಡಬ್ಬಿ ಸಮೇತ ಕೇಳಿ ಪಡೆಯಿರಿ. ಡ್ರೇನ್ ವಾಷರ್ (ಆಯಿಲ್ ಇಳಿಸುವ ಬೋಲ್ಟಿನ ಬಿಲ್ಲೆ) ಮಾತ್ರ ಪಟ್ಟಿಯಿಂದ ಕತ್ತರಿಸಬೇಡಿ. ಹಳೆಯದನ್ನೇ ಕೂಡಿಸಿದರೆ ಆಯಿಲ್ ಜಿನುಗುತ್ತದೆ.

ತೆರಿಗೆ ನೋಡುವ ಬಗೆ: 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ 18% ಜಿಎಸ್‌ಟಿ, ಲೇಬರಿಗೂ 18%. ಪ್ಯಾಕೆಟ್ಟಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಫಿಲ್ಟರ್ ಪ್ಯಾಕೆಟ್ ಮೇಲೆ 420 ಇದ್ದರೆ ಬಿಲ್ಲಿನಲ್ಲಿ ಮೂಲ ದರ 355.93, ತೆರಿಗೆ 64.07 ಬರಬೇಕು. ಮೂಲ ದರವನ್ನೇ 420 ಎಂದು ಹಾಕಿ ಮೇಲೆ 75.60 ಸೇರಿಸಿದ್ದರೆ ತೆರಿಗೆ ಎರಡು ಸಲ ಹಾಕಿದ್ದಾರೆ ಎಂದರ್ಥ. ಇದಕ್ಕೇ ಖಾಲಿ ಪ್ಯಾಕೆಟ್, ಹಳೇ ಸಾಮಾನು ಎರಡನ್ನೂ ವಾಪಸ್ ಕೇಳಬೇಕು.

ಅಲೈನ್‌ಮೆಂಟ್: ಗಾಡಿ ಎಳೆಯುವುದಿಲ್ಲ, ಟಯರು ಒಂದೇ ಅಂಚಿನಲ್ಲಿ ಹೆಚ್ಚು ಸವೆಯುತ್ತಿಲ್ಲ ಎಂದರೆ ಅವಸರವಿಲ್ಲ. ಬ್ಯಾಲೆನ್ಸಿಂಗ್ ತಪ್ಪಿದ್ದರೆ 80–100ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಮಾಡಿಸಿದರೆ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ತೆಗೆದುಕೊಳ್ಳಿ. ಹೆಚ್ಚಿನ ಸಣ್ಣ ಗಾಡಿಗಳಲ್ಲಿ ತಿರುಗಿಸಲು ಬರುವುದು ಮುಂದಿನ ಟೋ (ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಅಳತೆ) ಮಾತ್ರ, ಹಾಗಾಗಿ ನಾಲ್ಕೂ ಚಕ್ರದ ಕ್ಯಾಂಬರ್ (ಚಕ್ರ ಮೇಲಿನಿಂದ ವಾಲಿರುವ ಅಳತೆ) ಸರಿ ಮಾಡಿದ್ದೇವೆ ಎಂದು ಬರೆದರೆ ಹೇಗೆ ಮಾಡಿದಿರಿ ಎಂದು ಕೇಳಿ. ವೇಟ್ ಎಂದರೆ ಬ್ಯಾಲೆನ್ಸಿಂಗಿಗೆ ಚಕ್ರಕ್ಕೆ ಅಂಟಿಸುವ ತೂಕದ ತುಂಡು, ಅದು ಗ್ರಾಂ ಲೆಕ್ಕದಲ್ಲಿರುತ್ತದೆ. ಕೆಲಸಕ್ಕೆ ಮೊದಲೇ 240 ಎಂದು ಬರೆಯಲು ಬರುವುದಿಲ್ಲ.

ಜಾಬ್ ಕಾರ್ಡಿನಲ್ಲಿ ಸಹಿಗೆ ಮೊದಲು ಬೇಡದ್ದನ್ನು ಹೊಡೆದುಹಾಕಿ, "ಹೆಚ್ಚಿನ ಕೆಲಸ ಕೇಳದೆ ಮಾಡಬಾರದು" ಎಂದು ಬರೆದು ಫೋಟೊ ತೆಗೆದುಕೊಳ್ಳಿ. ಒಪ್ಪಿಗೆಗೆ ಓಟಿಪಿ ಬಂದರೆ ಪಟ್ಟಿ ಓದದೆ ಹೇಳಬೇಡಿ. ಆದರೂ ಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ.

ಖಾನಾಪುರ ಮಳೆ

ನಮ್ಮ ಕಡೆ ನಾಲ್ಕು ತಿಂಗಳು ಗಾಡಿ ತಳ ಒಣಗೂದ ಇಲ್ಲ. ಅಂಡರ್‌ಬಾಡಿ ಕೋಟಿಂಗ್ ನಮಗೂ ಬ್ಯಾಡೇನು?

ಪಾನಾ ನಂಬರ್ 12 (ಬಾಗಲಕೋಟೆ)

ನಿಮಗ ಒಮ್ಮೆ ಮಾಡಸಿದ್ರ ಉಪಯೋಗ ಐತ್ರಿ, ಪ್ರತಿ ಸರ್ವಿಸ್‌ಗೆ ಅಲ್ಲ. ಬ್ಯಾಸಗ್ಯಾಗ ಮಾಡಸ್ರಿ. ತಳ ಪ್ರೆಷರಿನಿಂದ ತೊಳದು, ಒಂದು ದಿನ ಪೂರ್ತಿ ಒಣಗಿಸಿ ಹೊಡೀಬೇಕು. ಹಸಿ ಮಣ್ಣಿನ ಮ್ಯಾಲ ಹೊಡದ್ರ ನೀರು ಒಳಗ ಸಿಕ್ಕೊಂಡು ಅಲ್ಲಿಂದನ ತುಕ್ಕು. ಬಾಗಲದ ಕೆಳಗಿನ ನೀರು ಇಳಿಯೂ ತೂತು ಮುಚ್ಚದಂಗ ನಿಂತು ನೋಡ್ರಿ. ಸೈಲೆನ್ಸರ್‌ದು ಬ್ಯಾಡ, ಅದಕ್ಕ ತುಕ್ಕು ಬಾಳ ಸಲ ಒಳಗ ನಿಂತ ನೀರಿನಿಂದ ಬರತೈತಿ, ಹೊರಗಿನ ಬಣ್ಣ ತಡಿಯೂದಿಲ್ಲ.

ಕೆಎ28 ಸರ್, ನಿಮಗ ಕೋಟಿಂಗ್‌ಕಿಂತ ತಳದ ಎರಿ ಮಣ್ಣು ತೊಳಸೂದು ಸಾಕು. ಏರ್ ಫಿಲ್ಟರ್ ಮಾತ್ರ ಬಿಡಬ್ಯಾಡ್ರಿ. ಕೋಷ್ಟಕದಾಗ 40,000ಕ್ಕ ಬದಲಿ ಅಂತ ಇದ್ರೂ ಧೂಳಿನ ರಸ್ತೆಗೆ ಬ್ಯಾರೆ ಪಟ್ಟಿ ಇರತೈತಿ, ಅದನ್ನ ಹಿಡೀರಿ. 5,000ಕ್ಕೊಮ್ಮೆ ತಗದು, ಒಳಮೈಯಿಂದ ಹೊರಮೈಗೆ ಕಡಿಮಿ ಪ್ರೆಷರಿನಾಗ ಹವಾ ಹೊಡೀರಿ. ನಳಿಗಿ ಹತ್ರ ಹಿಡದ್ರ ಕಾಗದ ಹರೀತೈತಿ.

ಕೆಎ28 ಸವಾರಿ (ವಿಜಯಪುರ)

ಪುಸ್ತಕ ತಗದು ನೋಡಿದ್ನಿರಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕ ಅಂತನ ಅದ, ಹಿಂದಿನ ಯಾವ ಬಿಲ್ಲಿನಾಗೂ ಇಲ್ಲ. ಎಸಿಗೆ ಏನು ಮಾಡ್ಲಿ?

ಪಾನಾ ನಂಬರ್ 12 (ಬಾಗಲಕೋಟೆ)

ಎಸಿ ಫಿಲ್ಟರ್ ನೀವ ಬದಲಿಸ್ರಿ. ಬಾಳ ಗಾಡಿಗೆ ಅದು ಗ್ಲೋವ್ ಬಾಕ್ಸ್ ಹಿಂದ ಇರತೈತಿ. ಬಾಕ್ಸಿನ ಎರಡೂ ಬಾಜೂ ಒಳಗ ಒತ್ತಿ ಇಳಸಿ, ಹಳೇದು ಎಳದು, ಬಾಣದ ಗುರ್ತು ಹಳೇದರಂಗ ಇಟ್ಟು ಹೊಸದು ತುರುಕ್ರಿ. ವಾಸನಿ ಇಲ್ಲಂದ ಮ್ಯಾಲೆ 950ರ ಸ್ಪ್ರೇ ಬ್ಯಾಡ.