ಪದಚರ್ಚೆ: ನಾಯಿ ಬೆಕ್ಕನ್ನು ‘ಮರ ಹತ್ತಿಸಿತು’ ಅನ್ನಬಹುದಾ?

ಗೆಳೆಯರೆ, ಒಂದು ಪದಕ್ಕೆ ಕೆಲವು ದಿನಗಳಿಂದ ತಡಕಾಡುತ್ತಿದ್ದೇನೆ. ಅದರ ಜೊತೆ ಇನ್ನೂ ಎರಡು ಮೂರು ಸೇರಿಕೊಂಡಿವೆ.

ನಾನಿರುವುದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಹೋದ ಜನವರಿಯಲ್ಲಿ ಜೊತೆಗೆ ಕೆಲಸ ಮಾಡುವವರೊಬ್ಬರು ದಕ್ಷಿಣಕ್ಕಿರುವ ತಮ್ಮ ಮಾವನ ರ‍್ಯಾಂಚಿಗೆ (ದನ ಮೇಯಿಸುವ ದೊಡ್ಡ ಜಮೀನು) ಕರೆದುಕೊಂಡು ಹೋದರು. ಅಲ್ಲಿ ನಾಯಿ ಬಿಟ್ಟು ಬಾಬ್‌ಕ್ಯಾಟ್ ಅನ್ನುವ, ಕಾಡಿನಲ್ಲಿರುವ ಬೆಕ್ಕಿನ ಜಾತಿಯ ಪ್ರಾಣಿಯನ್ನು ಬೇಟೆಯಾಡುತ್ತಾರೆ. ನಾನು ಕೋವಿ ಮುಟ್ಟಲಿಲ್ಲ, ನೋಡಲು ಹೋದದ್ದು ಅಷ್ಟೆ. ಮರುದಿನ ತೀರ್ಥಹಳ್ಳಿಯ ದೊಡ್ಡಪ್ಪನಿಗೆ ಫೋನಿನಲ್ಲಿ “ನಾಯಿಗಳು ಬೆಕ್ಕನ್ನ ಮರ ಹತ್ತಿಸಿದವು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹತ್ತಿಸೋದು ಅಂದ್ರೆ ಎಂತದು ಮಾರಾಯ, ಅದೇ ಹತ್ತಿದ್ದಲ್ವಾ?” ಅಂದರು. ಅವರ ಮಾತು ಸರಿ. ಹೊಗಳಿ ಉಬ್ಬಿಸುವುದಕ್ಕೂ ‘ಮರ ಹತ್ತಿಸೋದು’ ಅನ್ನುತ್ತೇವಲ್ಲ, ಅದೂ ಅಡ್ಡ ಬರುತ್ತದೆ.

ಟೆಕ್ಸಸ್‌ನವರು ‘ಮರ’ ಅನ್ನುವ ಮಾತನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ. ನಾಯಿ ಬೆಕ್ಕನ್ನು ‘ಟ್ರೀ’ ಮಾಡಿತು ಅಂದರೆ, ಅಟ್ಟಿಸಿಕೊಂಡು ಹೋಯಿತು, ಬೆಕ್ಕು ಹೆದರಿ ಮರ ಏರಿತು, ನಾಯಿ ಬುಡದಲ್ಲೇ ನಿಂತು ಯಜಮಾನ ಬರುವ ತನಕ ಬೊಗಳುತ್ತಲೇ ಇದೆ ಅಂತ ಪೂರ್ತಿ ಕತೆ. ನನಗೆ ಹೊಳೆದದ್ದು ‘ಮರಕ್ಕೆ ಅಟ್ಟು’. ಆದರೆ ಎರಡನ್ನೂ ಕೂಡಿಸಿದರೆ ‘ಮರಕ್ಕಟ್ಟು’ ಆಗುತ್ತದೆ. ಓದಿದವರು ಬೆಕ್ಕನ್ನು ಮರಕ್ಕೆ ಕಟ್ಟಿಹಾಕಿದರು ಅಂದುಕೊಳ್ಳುತ್ತಾರೆ. ‘ಮರ ಹಿಡಿಸು’ ಹೇಗೆ? ‘ಹಾಸಿಗೆ ಹಿಡಿ’ ಅನ್ನುವಾಗ ಇರುವ ‘ಅಲ್ಲಿಂದ ಏಳಲಾಗದು’ ಅನ್ನುವ ಅರ್ಥ ಇದರಲ್ಲೂ ಬರುತ್ತದಾ? ನನಗೆ ಬರುತ್ತದೆ ಅನ್ನಿಸುತ್ತದೆ, ಆದರೆ ಬೇರೆಯವರ ಕಿವಿಗೆ ಹೇಗೆ ಕೇಳುತ್ತದೋ ನೋಡಬೇಕು.

ನಾಯಿ ‘ಬಿಡು’ವುದಕ್ಕೆ ಮಾತ್ರ ನಾವು ಎಲ್ಲಿಯೂ ಹುಡುಕಬೇಕಿಲ್ಲ. ಆತಕೂರಿನ ಶಾಸನದಲ್ಲಿ ಕಾಳಿ ಅನ್ನುವ ಬೇಟೆನಾಯಿ ಇದೆಯಲ್ಲ, 10ನೇ ಶತಮಾನದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ಏನು ಬೇಕು ಕೇಳು ಅಂದಾಗ ಮಣಲರತ ಅನ್ನುವ ಯೋಧ ಕೇಳಿದ್ದು ಆ ನಾಯಿಯನ್ನು. ಅದು ಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು, ನಾಯಿಗೆ ಕಲ್ಲು ನಿಲ್ಲಿಸಿದರು. ಅಲ್ಲಿರುವ ಮಾತು ‘ಪಂದಿಗೆ ವಿಟ್ಟೊಡೆ’. ಸಾವಿರ ವರ್ಷ ಆದ ಮೇಲೂ ‘ಹಂದಿಗೆ ನಾಯಿ ಬಿಟ್ಟರು’ ಅಂತಲೇ ಹೇಳುತ್ತೇವೆ. ಅದೇ ‘ಗೆ’, ಅದೇ ‘ಬಿಡು’. ನನಗಂತೂ ಇದು ತುಂಬ ಸಂತೋಷದ ವಿಷಯ.

ಇನ್ನು ಜಾಡು. ಬೇಟೆಯ ಹಿಂದಿನ ಸಂಜೆ ಟೆಕ್ಸಸ್‌ನ ಆ ಬೇಟೆಯವರು ಮಣ್ಣಿನ ದಾರಿಯ ಮೇಲೆ ಹಳೇ ಟೈರು ಎಳೆದು ಧೂಳನ್ನು ಸಮ ಮಾಡಿಟ್ಟಿದ್ದರು, ರಾತ್ರಿ ಯಾವ ಪ್ರಾಣಿ ದಾಟಿದರೂ ಬೆಳಗ್ಗೆ ಹೆಜ್ಜೆ ಎದ್ದು ಕಾಣಲಿ ಅಂತ. ಬೆಳಕು ಹರಿಯುವಾಗ ಒಂದು ಕಡೆ ಬೆಕ್ಕಿನ ಹೆಜ್ಜೆ ಇತ್ತು. ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ಕಿವಿ ಹರಿದ ಒಂದು ಮುದಿ ಬ್ಲೂಟಿಕ್ ಜಾತಿಯ ಬೇಟೆನಾಯಿಯನ್ನು ಮೊದಲು ಇಳಿಸಿದರು. ಮಿಕ್ಕವು ಟ್ರಕ್ಕಿನ ಪೆಟ್ಟಿಗೆಯೊಳಗೆ ಕುಂಯ್‌ಗುಡುತ್ತಿದ್ದವು. ಮುದಿ ನಾಯಿಯೇ ಯಾಕೆ ಅಂದರೆ ಅದಕ್ಕೆ ಹಳೇ ಜಾಡೂ ಸಿಗುತ್ತದೆ. ಇಂಥ ನಾಯಿಗೆ ಅವರು ಮೂಗು ತಣ್ಣಗಿದೆ ಅನ್ನುತ್ತಾರೆ, ಅದನ್ನು ಹಾಗೇ ಕನ್ನಡಕ್ಕೆ ತಂದರೆ ನಾಯಿಗೆ ನೆಗಡಿ ಅನ್ನುವಂತಾಗುತ್ತದೆ. ನಾನು ‘ಆರಿದ ಜಾಡು ಹಿಡಿಯುವ ನಾಯಿ’ ಅಂತ ಬರೆದುಕೊಂಡೆ. ಕಾಫಿ ಆರುತ್ತದೆ, ಬಟ್ಟೆ ಆರುತ್ತದೆ, ದೀಪವೂ ಆರುತ್ತದೆ. ಬಿಸಿಲು ಏರಿ ಇಬ್ಬನಿ ಒಣಗಿದಂತೆ ವಾಸನೆ ಹೋಗಿಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಗೊತ್ತಿಲ್ಲ.

‘ಬೇಟೆನಾಯಿ’ ಅಂದರೆ ನಮ್ಮಲ್ಲಿ ಎಲ್ಲರ ಕಣ್ಣಿಗೆ ಬರುವುದು ಮುಧೋಳ. ಅದು ಕಣ್ಣಿನಿಂದ ನೋಡಿ ಅಟ್ಟುವ ನಾಯಿ. ಇವು ಮೂಗಿನ ನಾಯಿಗಳು, ಬೆಕ್ಕನ್ನು ಕಾಣುವುದು ಕೊನೆಗೆ. ಎರಡಕ್ಕೂ ಬೇರೆ ಬೇರೆ ಹೆಸರು ಯಾರಾದರೂ ಕೇಳಿದ್ದೀರಾ?

ರ‍್ಯಾಂಚಿಗೆ ‘ಕಾವಲು’ ಅಂತ ಬರೆಯಲು ಆಸೆ. ಅಮೃತಮಹಲ್ ಕಾವಲುಗಳ ಹಾಗೇ ದನ ಮೇಯುವ ಬಯಲು. ಮೆಸ್ಕೀಟ್ ಅನ್ನುವ ಅಲ್ಲಿನ ಮುಳ್ಳಿನ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ, ಎಲ್ಲಿ ನೋಡಿದರೂ ಪಾಪಾಸುಕಳ್ಳಿ. ಆದರೆ ಕಾವಲು ಸರ್ಕಾರದ್ದು, ರ‍್ಯಾಂಚ್ ಒಬ್ಬರ ಸ್ವಂತದ್ದು. ಒಡೆಯ ಒಪ್ಪದೆ ಬೇಲಿ ದಾಟುವಂತಿಲ್ಲ. ಆದ್ದರಿಂದ ರ‍್ಯಾಂಚ್ ಅಂತಲೇ ಬಿಟ್ಟಿದ್ದೇನೆ. ಬಾಬ್‌ಕ್ಯಾಟಿಗೆ ‘ಕಾಡುಬೆಕ್ಕು’ ಬೇಡ, ಅದು ನಮ್ಮಲ್ಲಿರುವ ಬೇರೆ ಪ್ರಾಣಿ. ‘ಮೋಟುಬಾಲದ ಬೆಕ್ಕು’ ಆಗಬಹುದು. ಮೋಟುಜಡೆ, ಮೋಟುಗೋಡೆ ಇವೆಯಲ್ಲ. ಆ ಹೆಸರಿನ ‘ಬಾಬ್’ಗೂ ಅದೇ ಅರ್ಥ.

ಈಗ ಮುಖ್ಯ ಪ್ರಶ್ನೆ. ಜಾಡಿನ ಮೇಲೆ ಓಡುವಾಗ ಆ ನಾಯಿಗಳು ಎಳೆದೆಳೆದು ಕೂಗುತ್ತಿದ್ದವು, ಬೊಗಳುವುದಕ್ಕೂ ಊಳಿಡುವುದಕ್ಕೂ ನಡುವಿನ ಒಂದು ದನಿ. ಸುಮಾರು ಮುಕ್ಕಾಲು ಗಂಟೆ ಆದ ಮೇಲೆ ಅದು ಒಮ್ಮೆಲೇ ಬದಲಾಯಿತು. ಗಿಡ್ಡ ಗಿಡ್ಡ ಬೊಗಳು, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಹಾಗೆ. ಪಕ್ಕದಲ್ಲಿದ್ದ ಮಾವ ನಾಯಿಗಳ ಕತ್ತಿನ ಪಟ್ಟಿಯ ಜಿಪಿಎಸ್ ನೋಡಲೇ ಇಲ್ಲ, “ಏರಿತು” ಅಂದು ನಡೆಯಲು ಶುರುಮಾಡಿದರು. ಓಕ್ ಮರದ ಕವಲಿನಲ್ಲಿ ಬೆಕ್ಕು ಕೂತಿತ್ತು. ಕಿವಿ ಹಿಂದಕ್ಕೆ ಮಡಚಿತ್ತು, ಹೊಟ್ಟೆ ಏರಿಳಿಯುತ್ತಿತ್ತು, ಗೇಣುದ್ದದ ಬಾಲ ಮಾತ್ರ ಅಲ್ಲಾಡುತ್ತಿತ್ತು. ನನಗೆ ಸಂಕಟವಾಯಿತು. ಟೆಕ್ಸಸ್‌ನಲ್ಲಿ ಇದನ್ನು ಕೊಲ್ಲಲು ವರ್ಷವಿಡೀ ಅವಕಾಶವಿದೆ. ಕ್ಯಾಲಿಫೋರ್ನಿಯಾ 2013ರಿಂದ ಇದರ ಬೇಟೆಗೆ ನಾಯಿ ಬಿಡುವುದನ್ನೂ, 2020ರಿಂದ ಬೇಟೆಯನ್ನೇ ನಿಲ್ಲಿಸಿದೆ. ಆ ದಿನ ಅವರು ಗುಂಡು ಹೊಡೆಯಲಿಲ್ಲ. ಫೋಟೊ ತೆಗೆದು, ನಾಯಿಗಳನ್ನು ಚೈನಿಗೆ ಹಾಕಿ ಎಳೆದುಕೊಂಡು ಬಂದರು. ನನಗೆ ಸಮಾಧಾನವಾಯಿತು.

ಆ ಎರಡು ದನಿಗಳಿಗೆ ಅವರಲ್ಲಿ ಎರಡು ಬೇರೆ ಪದ ಇವೆ. ನನ್ನ ಹತ್ತಿರ ಇರುವುದು ‘ಬೊಗಳು’ ಒಂದೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಆದರೆ ಹಳು ಸೋವಿದ, ಅಂದರೆ ಪೊದೆ ಬಡಿದು ಪ್ರಾಣಿ ಎಬ್ಬಿಸಿದ, ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಮಲೆನಾಡು, ಕೊಡಗು, ಜೋಯಿಡಾ, ಚಾಮರಾಜನಗರ ಕಡೆಯವರು ದಯವಿಟ್ಟು ಮನೆಯ ಅಜ್ಜಂದಿರನ್ನು ಕೇಳಿ: ನಾಯಿ ಓಡುತ್ತಾ ಕೂಗುವುದಕ್ಕೆ ಏನಂತಿದ್ದರು, ಪ್ರಾಣಿಯನ್ನು ತಡೆದು ನಿಲ್ಲಿಸಿ ಕೂಗುವುದಕ್ಕೆ ಏನಂತಿದ್ದರು? ದೊಡ್ಡಪ್ಪನಿಗೆ ಎರಡು ದನಿಯೂ ನೆನಪಿವೆ. ಫೋನಿನಲ್ಲಿ ಕೂಗಿಯೇ ತೋರಿಸಿದರು. ಪದ ಮಾತ್ರ ನೆನಪಾಗಲಿಲ್ಲ.