ಡಿಎಂಎಕ್ಸ್ ಸಾಕಾ, ಆರ್ಟ್‌ನೆಟ್‌ಗೆ ಹೋಗ್ಬೇಕಾ? ನಾಟಕಕ್ಕೆ ಬೆಳಕು ಮಾಡೋರು ಸ್ವಲ್ಪ ಹೇಳಿ

ಶಿವಮೊಗ್ಗದಿಂದ, ಪ್ರಶ್ನೆ:

ನಮಸ್ಕಾರ ಎಲ್ರಿಗೂ. ಡಿಎಂಎಕ್ಸ್ ಅಂದ್ರೆ ಲೈಟುಗಳಿಗೆ ವೈರಲ್ಲಿ ಆದೇಶ ಕಳ್ಸೋ ಪದ್ಧತಿ, ಆರ್ಟ್‌ನೆಟ್ ಅಂದ್ರೆ ಅದೇ ಆದೇಶನ ಕಂಪ್ಯೂಟರ್ ನೆಟ್‌ವರ್ಕಲ್ಲಿ ಕಳ್ಸೋದು, ನಂಗೆ ಗೊತ್ತಿರೋದು ಇಷ್ಟೇ. ನಮ್ದೊಂದು ಹವ್ಯಾಸಿ ತಂಡ, ಬೆಳಕು ನೋಡ್ಕೊಳೋರು ಯಾರೂ ಇಲ್ಲ ಅಂತ ಕಂಪ್ಯೂಟರ್ ಗೊತ್ತಿರೋ ನನ್ನ ತಲೆಗೆ ಕಟ್ಟಿದಾರೆ. 24 ಎಲ್‌ಇಡಿ ಪಾರ್ (ಡಬ್ಬಿ ಥರದ ಸ್ಟೇಜ್ ಲೈಟು) ಇವೆ, ಒಂದೊಂದೂ 8 ಚಾನೆಲ್, ಅಂದ್ರೆ ಬಣ್ಣ, ಪ್ರಖರತೆ ಥರ ಬೇರೆ ಬೇರೆಯಾಗಿ ಹಿಡಿತಕ್ಕೆ ಸಿಗೋ 8 ವಿಷಯ. 6 ಮೂವಿಂಗ್ ಹೆಡ್ (ತಲೆ ತಿರುಗಿಸೋ ಲೈಟು), 16 ಚಾನೆಲ್ಲಿಂದು. ಹಳೇ ಹ್ಯಾಲೊಜನ್‌ಗೆ 12 ಚಾನೆಲ್ ಡಿಮ್ಮರ್, 2 ಚಾನೆಲ್ಲಿನ, ತೆಳು ಹೊಗೆ ಬಿಡೋ ಒಂದು ಹೇಜ್ ಮಷೀನು. ಲ್ಯಾಪ್‌ಟಾಪಲ್ಲಿ ಲೈಟ್ ನಡ್ಸೋ ಕ್ಯೂಎಲ್‌ಸಿ ಪ್ಲಸ್ ಸಾಫ್ಟ್‌ವೇರ್, ಅದಕ್ಕೊಂದು ಅಗ್ಗದ ಯುಎಸ್‌ಬಿ ಡಾಂಗಲ್, ಹಾಲ್ ಹಿಂದಿನ ರೂಮಿಂದ ಸ್ಟೇಜಿಗೆ 40 ಮೀಟರ್ ಕೇಬಲ್. ಹೋದ ಶೋನಲ್ಲಿ ಸಾಲಿನ ಕೊನೇ ನಾಲ್ಕು ಪಾರ್ ತಮ್ಮಷ್ಟಕ್ಕೆ ತಾವೇ ಮಿಣಕ್ ಮಿಣಕ್ ಅಂತಿದ್ವು, ಶೋಕದ ಸೀನಲ್ಲಿ ಡಿಸ್ಕೋ. ಗೆಳೆಯ ಒಬ್ಬ ಡಿಎಂಎಕ್ಸ್ ಎಲ್ಲ ಹಳೇ ಕಾಲದ್ದು, ಆರ್ಟ್‌ನೆಟ್ ಹಾಕು, ವೈಫೈ ರೂಟರ್ ಇಟ್ರೆ ಕೇಬಲ್ಲೇ ಬೇಡ ಅಂತಾನೆ. ಮುಂದಿನ ನಾಟಕಕ್ಕೆ ಹಿಂದಿನ ಪರದೆಗೆ 10 ಮೀಟರ್ ಪಿಕ್ಸೆಲ್ ಸ್ಟ್ರಿಪ್ (ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಕೊಡಬಹುದಾದ ಪಟ್ಟಿ) ಬೇರೆ ಬೇಕಂತೆ ನಿರ್ದೇಶಕರಿಗೆ. ದುಡ್ಡು ಕಮ್ಮಿ. ಏನ್ಮಾಡ್ಲಿ?

ಬೆಂಗಳೂರಿಂದ, ಬಾಡಿಗೆ ಲೈಟ್ ಕೆಲಸ ಮಾಡೋರು:

ಮೊದಲು ಲೆಕ್ಕ ಹಾಕಣ. 24 ಎಂಟ್ಲ 192, 6 ಹದಿನಾರ್ಲ 96, ಡಿಮ್ಮರ್ 12, ಹೇಜ್ 2. ಒಟ್ಟು 302. ಒಂದು ಡಿಎಂಎಕ್ಸ್ ಯೂನಿವರ್ಸಲ್ಲಿ, ಅಂದ್ರೆ ಒಂದು ಡಿಎಂಎಕ್ಸ್ ವೈರಲ್ಲಿ ಹೋಗೋ ಚಾನೆಲ್ ಗುಂಪಲ್ಲಿ, 512 ಜಾಗ ಇದೆ. ಅಂದ್ರೆ ಈಗಿರೋ ಲೈಟಿಗೆ ಆರ್ಟ್‌ನೆಟ್ಟೂ ಬೇಡ ಏನೂ ಬೇಡ, ನಿಮ್ಮ ಗೆಳೆಯನಿಗೆ ಒಂದು ಟೀ ಕುಡಿಸಿ ಕಳ್ಸಿ. ಡಿಎಂಎಕ್ಸ್ 1986ರದ್ದು ನಿಜ, ಹಳೇದು ಅಂತ ಕೆಟ್ಟು ಹೋಗಿಲ್ಲ, ನೀವು ಆರ್ಟ್‌ನೆಟ್ ಹಾಕಿದ್ರೂ ಕೊನೇಲಿ ನೋಡ್ (ನೆಟ್‌ವರ್ಕಲ್ಲಿ ಬಂದಿದ್ದನ್ನ ಡಿಎಂಎಕ್ಸ್ ಮಾಡೋ ಪೆಟ್ಟಿಗೆ) ಇಂದ ಪಾರ್‌ಗೆ ಹೋಗೋದು ಅದೇ ಡಿಎಂಎಕ್ಸ್ ವೈರೇ. ಆ ವೈರಲ್ಲಿ ತೊಂದ್ರೆ ಇದ್ರೆ ನೆಟ್‌ವರ್ಕ್ ಬಂದು ಸರಿ ಮಾಡಲ್ಲ.

ಈಗ ಒಂದು ಪ್ರಶ್ನೆ, ನಿಜ ಹೇಳಿ. ಆ ಕೇಬಲ್ ಸೌಂಡಿನವರ ಹತ್ರ ಇಸ್ಕೊಂಡಿದ್ದಾ?

ಶಿವಮೊಗ್ಗದಿಂದ:

ಹೌದು ಸರ್ 😬 ಮೈಕ್ ಕೇಬಲ್ಲೇ, ಎರಡು ಜೋಡ್ಸಿದೀವಿ. ಪಿನ್ ಒಂದೇ ಥರ ಇತ್ತಲ್ಲ.

ಬೆಂಗಳೂರಿಂದ, ಅವರೇ:

ಅಂದ್ಕೊಂಡೆ. ನಿಯಮದ ಪ್ರಕಾರ ಡಿಎಂಎಕ್ಸ್‌ಗೆ ಐದು ಪಿನ್ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್ಲಿಗಿರೋ ಥರದ ದುಂಡು) ಕನೆಕ್ಟರ್ರೇ ಇರ್ಬೇಕು, ಅಗ್ಗದ ಲೈಟ್ ಮಾಡೋರು ಮೂರು ಪಿನ್ ಹಾಕಿ ಎಲ್ರನ್ನೂ ಈ ಹಳ್ಳಕ್ಕೆ ತಳ್ಳಿದಾರೆ. ಪಿನ್ ಕೂತ್ಕೊಳತ್ತೆ, ಒಳಗಿನ ವೈರ್ ಬೇರೆ. ಡಿಎಂಎಕ್ಸ್ ಸೆಕೆಂಡಿಗೆ 2,50,000 ಬಿಟ್ ಓಡ್ಸುತ್ತೆ, ಅದಕ್ಕೆ 120 ಓಮ್ ಇಂಪಿಡೆನ್ಸ್ (ವೇಗದ ಸಿಗ್ನಲ್‌ಗೆ ಕೇಬಲ್ ಒಡ್ಡೋ ತಡೆ) ಇರೋ ಕೇಬಲ್ ಬೇಕು, ಮೈಕ್ ಕೇಬಲ್ ಅದಕ್ಕಿಂತ ತುಂಬ ಕಮ್ಮಿ. ಸಾಲಿನ ಕೊನೇಲಿ ಟರ್ಮಿನೇಟರ್ ಇಲ್ಲಾಂದ್ರೆ ಸಿಗ್ನಲ್ ಗೋಡೆಗೆ ಹೊಡೆದ ಚೆಂಡಿನ ಥರ ವಾಪಸ್ ಬರುತ್ತೆ, ಹೊಸ ಸಿಗ್ನಲ್ ಮೇಲೆ ಬೀಳುತ್ತೆ, ನಿಮ್ಮ ಕೊನೇ ನಾಲ್ಕು ಪಾರ್ ಕುಣಿದಿದ್ದು ಬಹುಶಃ ಇದಕ್ಕೇ. ಟರ್ಮಿನೇಟರ್ ಅಂದ್ರೆ ದೊಡ್ಡ ವಸ್ತು ಅಲ್ಲ, ಒಂದು ಎಕ್ಸ್‌ಎಲ್‌ಆರ್ ಪ್ಲಗ್ ತಗೊಂಡು 2 ಮತ್ತೆ 3ನೇ ಪಿನ್ ಮಧ್ಯ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿ, ಇಲ್ಲಿ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಚಿಲ್ರೆ ದುಡ್ಡಿಗೆ ಸಿಗುತ್ತೆ. ಕೊನೇ ಲೈಟಿನ ಔಟ್‌ಗೆ ಚುಚ್ಚಿ.

ಆಮೇಲೆ ವೈ ಥರ ಕವಲು ಒಡೆಯೋದು ಮಹಾಪಾಪ. ಒಂದು ಕಾಲೇಜ್ ಹಾಲಲ್ಲಿ ಎರಡು ಗಂಟೆ ಲೈಟ್ ಬಿಚ್ಚಿ ನೋಡಿದೀನಿ, ಕೊನೇಗೆ ಪರದೆ ಹಿಂದೆ ಯಾರೋ ಪುಣ್ಯಾತ್ಮ ವೈ ಕೇಬಲ್ ಹಾಕಿದ್ದ. ಎರಡು ಕಡೆ ಹೋಗ್ಬೇಕಾ, ಆಪ್ಟೋ ಸ್ಪ್ಲಿಟರ್ ಹಾಕಿ, ಎರಡು ಕಡೆಗೂ ವಿದ್ಯುತ್ ಸಂಬಂಧ ಇಲ್ದಂಗೆ ಸಿಗ್ನಲ್ ಕವಲು ಮಾಡೋ ಪೆಟ್ಟಿಗೆ ಅದು. ಒಂದು ಸಾಲಲ್ಲಿ 32ಕ್ಕಿಂತ ಜಾಸ್ತಿ ಉಪಕರಣ ಜೋಡ್ಸ್ಬಾರ್ದು ಅನ್ನೋ ಮಿತಿನೂ ಇದೆ, ನಿಮ್ದು 24, 6, ಡಿಮ್ಮರ್, ಹೇಜ್ ಸೇರಿ ಸರಿಯಾಗಿ 32, ಮಿತಿಯ ಅಂಚಲ್ಲೇ ಇದೆ, ಹಾಗಾಗಿ ಹೇಗಿದ್ರೂ ಸ್ಪ್ಲಿಟರ್ ಬೇಕೇ ಅನ್ಕೊಳಿ.

40 ಮೀಟರ್‌ಗೆ ಒಂದು ಉಪಾಯ: ಕಂಪ್ಯೂಟರ್ ನೆಟ್‌ವರ್ಕಿನ ಕ್ಯಾಟ್ 6 ಕೇಬಲ್ ಎಳೀರಿ. ಅದರಲ್ಲಿ ಡಿಎಂಎಕ್ಸೂ ಚೆನ್ನಾಗೇ ಓಡುತ್ತೆ, ನಾಳೆ ನೆಟ್‌ವರ್ಕ್ ಬೇಕಂದ್ರೆ ಅದೇ ಕೇಬಲ್. ಆದ್ರೆ ತುದಿಗೆ ಟೇಪ್ ಸುತ್ತಿ ದೊಡ್ಡದಾಗಿ ಬರೀರಿ, ಇಲ್ಲಾಂದ್ರೆ ಯಾರಾದ್ರೂ ಡಿಎಂಎಕ್ಸ್ ಇರೋ ತುದಿನ ಇಂಟರ್ನೆಟ್ ಸ್ವಿಚ್‌ಗೆ ಚುಚ್ಚಿ ಏನಾದ್ರೂ ಕೆಡಿಸ್ತಾರೆ.

ಪಿಕ್ಸೆಲ್ ಸ್ಟ್ರಿಪ್ ಮಾತ್ರ ಬೇರೆ ಕತೆ. ಮೀಟರ್‌ಗೆ 60 ಎಲ್‌ಇಡಿ ಅಂದ್ರೆ 600, ಒಂದೊಂದಕ್ಕೆ ಮೂರು ಬಣ್ಣ, 1800 ಚಾನೆಲ್. ಒಂದು ಯೂನಿವರ್ಸಿಗೆ 170 ಪಿಕ್ಸೆಲ್ ಹಿಡಿಯುತ್ತೆ, ನಾಲ್ಕು ಯೂನಿವರ್ಸ್ ಬೇಕು. ಇಲ್ಲಿ ಬಂತು ನೋಡಿ ನೆಟ್‌ವರ್ಕಿನ ಕೆಲಸ. ಇನ್ನೊಂದು, 5 ವೋಲ್ಟ್ ಸ್ಟ್ರಿಪ್ ಆದ್ರೆ ಪೂರ್ತಿ ಬಿಳಿ ಹಾಕ್ದಾಗ ಹತ್ರ ಹತ್ರ 36 ಆಂಪ್ ಎಳೆಯುತ್ತೆ, ಪವರ್ ಮಧ್ಯೆ ಮಧ್ಯೆ ಕೊಡ್ಬೇಕು, ಒಂದೇ ತುದಿಗೆ ಕೊಟ್ರೆ ಆ ಕಡೆ ತುದಿಯ ಬಿಳಿ ಬೆಳಕು ಕೆಂಪಗೆ ಕಾಣುತ್ತೆ.

ಧಾರವಾಡದಿಂದ:

ಆರ್ಟ್‌ನೆಟ್ ನಾ ಹಾಕೇನ್ರಿ, ಹಾಕಿ ಕಲ್ತೇನಿ. ವೈಫೈ ಸುದ್ದಿಗೆ ಮಾತ್ರ ಹೋಗಬ್ಯಾಡ್ರಿ ತಮ್ಮಾ. ರಿಹರ್ಸಲ್‌ದಾಗ ಹಾಲ್ ಖಾಲಿ ಇತ್ರಿ, ಬೆಣ್ಣಿ ಹಂಗ ಓಡ್ತು. ಶೋ ದಿನ ಮುನ್ನೂರು ಮಂದಿ ಬಂದು ಕುಂತ್ರು, ಮುನ್ನೂರು ಕಿಸೇದಾಗ ಮುನ್ನೂರು ಫೋನು. ರಾಜ ಸಾಯೋ ಸೀನು, ಬ್ಲ್ಯಾಕೌಟ್ ಒತ್ತೇನಿ, ಲೈಟ್ ಆರವಲ್ವು. ಒಂದು, ಎರಡು, ಮೂರು ಸೆಕೆಂಡು. ನಮ್ಮ ರಾಜ ಕತ್ತಲಾಗೇತಿ ಅಂತ ತಿಳ್ಕೊಂಡು ಎದ್ದು ಪಂಚೆ ಜಾಡ್ಸಿ ಬೆಳಕಿನ್ಯಾಗ ಒಳಗ ನಡದ. ಮಂದಿ ಚಪ್ಪಾಳಿ ಹೊಡದ್ರು. ಅವ ನನ್ನ ಕೂಡ ತಿಂಗಳಗಟ್ಲೆ ಮಾತಾಡಲಿಲ್ರಿ.

ವೈರ್ ಹಾಕಿದ ಮ್ಯಾಲೂ ಮೂರು ಕಡೆ ಎಡವಿದ್ದೆ. ಲ್ಯಾಪ್‌ಟಾಪಿಗೆ ಐಪಿ (ನೆಟ್‌ವರ್ಕ್ ವಿಳಾಸ) 192.168 ಇತ್ತು, ನೋಡ್ 2ರಿಂದ ಶುರುವಾಗೋ ಐಪಿದಾಗ ಕುಂತಿತ್ತು, ಎರಡೂ ಒಂದನ್ನೊಂದು ನೋಡಂಗೇ ಇಲ್ಲ. ಆರ್ಟ್‌ನೆಟ್‌ನ ಹಳೇ ಪದ್ಧತಿ 2.x.x.x, ಮಾಸ್ಕ್ 255.0.0.0. ಲ್ಯಾಪ್‌ಟಾಪಿಗೆ 2.0.0.10 ಅಂತ ಕೈಯಿಂದ ಕೊಡ್ರಿ, ನೋಡ್‌ಗೆ 2.0.0.20. ಒಂದೇ ನಂಬರ್ ಇಬ್ಬರಿಗೆ ಕೊಡಬ್ಯಾಡ್ರಿ. ಎರಡನೇದು ವಿಂಡೋಸ್ ಫೈರ್‌ವಾಲ್, 6454 ನಂಬರ್ ಪೋರ್ಟ್ ಬಂದ್ ಮಾಡಿತ್ತು. ಮೂರನೇದು ತಲಿ ಕೆಡಿಸಿದ್ದು, ಆರ್ಟ್‌ನೆಟ್‌ದಾಗ ಯೂನಿವರ್ಸ್ ಎಣಿಕಿ ಸೊನ್ನೆಯಿಂದ, ಸಾಫ್ಟ್‌ವೇರ್‌ದಾಗ ಒಂದರಿಂದ ತೋರಸ್ತದ. ಎಲ್ಲಾ ಸರಿ ಐತಿ ಲೈಟ್ ಹತ್ತವಲ್ದು ಅಂದ್ರ ಒಂದು ನಂಬರ್ ಹಿಂದ ಮುಂದ ಮಾಡಿ ನೋಡ್ರಿ.

ಇಂಗ್ಲೆಂಡಿಂದ, ಮೈಸೂರು ಕಡೆಯೋರು:

ನಾನಿಲ್ಲಿ ಒಂದು ಥಿಯೇಟರಲ್ಲಿ ಲೈಟಿಂಗ್ ಸೆಕ್ಷನಲ್ಲಿದೀನಿ. ಧಾರವಾಡದ ಅಣ್ಣ ಹೇಳಿದ್ದೆಲ್ಲ ಸರಿ, ಆದ್ರೆ ಹೊಸದಾಗಿ ಶುರು ಮಾಡೋರು ಎಸ್‌ಎಸಿಎನ್ ಅನ್ನೋದನ್ನೂ ನೋಡಿ, ಅದೂ ಆರ್ಟ್‌ನೆಟ್ ಥರ ನೆಟ್‌ವರ್ಕಲ್ಲೇ ಕಳ್ಸೋ ಪದ್ಧತಿ. ಆರ್ಟ್‌ನೆಟ್ 1998ರಲ್ಲಿ ಆರ್ಟಿಸ್ಟಿಕ್ ಲೈಸೆನ್ಸ್ ಅನ್ನೋ ಇಲ್ಲಿನ ಕಂಪನಿ ಮಾಡಿ ಎಲ್ರಿಗೂ ಬಿಟ್ಟುಕೊಟ್ಟಿದ್ದು, ಎಸ್‌ಎಸಿಎನ್ 2009ರಲ್ಲಿ ಬಂದ ಸ್ಟ್ಯಾಂಡರ್ಡ್, ಪೆಟ್ಟಿಗೆ ಮೇಲೆ ಇ1.31 ಅಂತ ಬರೆದಿದ್ರೆ ಅದೇ ಇದು. ಕ್ಯೂಎಲ್‌ಸಿ ಪ್ಲಸ್ ಎರಡನ್ನೂ ಮಾತಾಡುತ್ತೆ. ನಂಗೆ ಇಷ್ಟ ಆಗೋದು ಅದರ ಪ್ರಯಾರಿಟಿ: 0ಯಿಂದ 200ರವರೆಗೆ, ಏನೂ ಹೇಳದಿದ್ರೆ 100. ಮುಖ್ಯ ಲ್ಯಾಪ್‌ಟಾಪ್ 100ರಲ್ಲಿ, ಬ್ಯಾಕಪ್ 90ರಲ್ಲಿ ಬಿಟ್ಟಿದ್ರೆ ಮುಖ್ಯದ್ದು ಸತ್ತ ಎರಡೂವರೆ ಸೆಕೆಂಡಿಗೆ ನೋಡ್ ತಾನೇ ಬ್ಯಾಕಪ್ ಮಾತು ಕೇಳುತ್ತೆ. ಕೊಳ್ಳೋ ನೋಡ್ ಪ್ರಯಾರಿಟಿಗೆ ಬೆಲೆ ಕೊಡುತ್ತಾ ಅಂತ ಮಾತ್ರ ಮೊದ್ಲೇ ನೋಡ್ಕೊಳಿ.

ಇದರದ್ದೂ ಒಂದು ಗೋಳಿದೆ. ಎಸ್‌ಎಸಿಎನ್ ಮಲ್ಟಿಕಾಸ್ಟಲ್ಲಿ, ಅಂದ್ರೆ ಕೇಳೋರ ಗುಂಪಿಗೆಲ್ಲ ಒಟ್ಟಿಗೇ, ಹೋಗುತ್ತೆ. ಬೇರೆ ಕಡೆ ಒಂದು ಸಲ ಬುದ್ಧಿವಂತಿಕೆ ತೋರ್ಸೋಕೆ ದುಬಾರಿ ಮ್ಯಾನೇಜ್ಡ್ ಸ್ವಿಚ್ ಹಾಕಿ ಐಜಿಎಂಪಿ ಸ್ನೂಪಿಂಗ್ (ಕೇಳ್ತಿರೋರಿಗೆ ಮಾತ್ರ ಕಳ್ಸೋ ವ್ಯವಸ್ಥೆ) ಆನ್ ಮಾಡಿದ್ದೆ, ಕ್ವೆರಿಯರ್ ಆನ್ ಮಾಡೋದು ಮರೆತಿದ್ದೆ. ಎಲ್ಲ ಚೆನ್ನಾಗಿ ಬಂತು, ನಾಲ್ಕೈದು ನಿಮಿಷ ಆದ್ಮೇಲೆ ಇದ್ದ ಬೆಳಕು ಇದ್ದ ಹಾಗೇ ನಿಂತುಬಿಡ್ತು. ಮತ್ತೆ ಆನ್ ಮಾಡಿದ್ರೆ ಮತ್ತೆ ನಾಲ್ಕೈದು ನಿಮಿಷ! ಯಾರು ಕೇಳ್ತಾ ಇದಾರೆ ಅಂತ ವಿಚಾರಿಸೋ ಕ್ವೆರಿಯರ್ ಇಲ್ಲದೆ ಸ್ವಿಚ್ಚು ಎಲ್ಲರ ಹೆಸರೂ ಪಟ್ಟಿಯಿಂದ ಹೊಡೆದು ಹಾಕ್ತಿತ್ತು. ನಿಮ್ಮ ನಾಲ್ಕು ಯೂನಿವರ್ಸಿಗೆ ಐದು ಪೋರ್ಟಿನ ಸಾದಾ ಸ್ವಿಚ್ಚೇ ಸಾಕು, ಅದಕ್ಕೆ ಬೇರೇನೂ ಚುಚ್ಚಬೇಡಿ, ಹಾಲಿನ ಇಂಟರ್ನೆಟ್ ಅಂತೂ ಬೇಡವೇ ಬೇಡ.

ಉಡುಪಿ ಕಡೆಯಿಂದ:

ನಾನು ಬಯಲಾಟ, ನಾಟಕ ಎರಡಕ್ಕೂ ಲೈಟ್ ಕಟ್ಟುವವ. ಒಂದು ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಡಿಎಂಎಕ್ಸಿನಲ್ಲಿ ಹೇಳಿದ್ದು ಸರಿಯಾಗಿ ತಲುಪಿತಾ ಅಂತ ಪರೀಕ್ಷೆ ಮಾಡುವ ವ್ಯವಸ್ಥೆಯೇ ಇಲ್ಲ. ಲೈಟಿಗೆ ಅದು ಸಮ, ಒಂದು ಸಲ ತಪ್ಪಿದರೆ ಸೆಕೆಂಡಿಗೆ ನಲವತ್ತು ಚಿಲ್ಲರೆ ಸಲ ಮತ್ತೆ ಬರ್ತದೆ. ಆದ್ರೆ ಪಟಾಕಿ, ಬೆಂಕಿ, ಮೇಲಿಂದ ಮನುಷ್ಯರನ್ನು ಇಳಿಸುವ ಮೋಟಾರು ಇದಕ್ಕೆಲ್ಲ ಡಿಎಂಎಕ್ಸ್ ಬಳಸ್ಬಾರ್ದು ಅಂತ ಸ್ಟ್ಯಾಂಡರ್ಡಿನಲ್ಲೇ ಎಚ್ಚರಿಕೆ ಉಂಟು. ನಮ್ಮಲ್ಲಿ ಒಬ್ಬ ದೇವಿ ಪ್ರತ್ಯಕ್ಷ ಆಗುವಾಗ ಹೂ ಬೀಳ್ಲಿಕ್ಕೆ ಡಿಎಂಎಕ್ಸಿನಲ್ಲಿ ಓಡುವ ಒಂದು ರಿಲೇ (ತಾನೇ ಒತ್ತಿಕೊಳ್ಳುವ ಸ್ವಿಚ್ಚು) ಮಾಡಿದ್ದ. ಕೇಬಲ್ ಚುಚ್ಚಿದ ಕೂಡ್ಲೇ ಹೂವೆಲ್ಲ ಕಸ ಗುಡಿಸ್ತಿದ್ದವನ ತಲೆ ಮೇಲೆ. ಹೂ ಆದ ಕಾರಣ ನಗಾಡಿದೆವು, ಬೆಂಕಿ ಆಗಿದ್ರೆ ಎಂತ ಮಾಡುದು?

ಮತ್ತೆ ಜನರೇಟರಿನಲ್ಲಿ ಓಡಿಸುದಾದ್ರೆ ಆಪ್ಟೋ ಸ್ಪ್ಲಿಟರ್ ಬಿಡ್ಲೇಬೇಡಿ. ಸ್ಟೇಜಿನ ಅರ್ತ್ ಒಂದು, ಲ್ಯಾಪ್‌ಟಾಪ್ ಇಟ್ಟ ಕಡೆ ಇನ್ನೊಂದು, ಮಧ್ಯ ಡಾಂಗಲ್ ಸಾಯ್ತದೆ. ನಂದು ಎರಡು ಹೋಗಿದೆ, ಒಂದರ ಜೊತೆ ಲ್ಯಾಪ್‌ಟಾಪಿನ ಯುಎಸ್‌ಬಿಯೂ. ಡಿಮ್ಮರಿಗೆ ಎಲ್‌ಇಡಿ ಪಾರಿನ ಪವರ್ ಪ್ಲಗ್ ಚುಚ್ಚುದು ಕೂಡ ಬೇಡ, ಅದಕ್ಕೆ ನೇರ ಲೈನೇ ಬೇಕು.

ಶಿವಮೊಗ್ಗದಿಂದ, ಮೂರು ವಾರ ಆದ್ಮೇಲೆ:

ಎಲ್ರಿಗೂ ಥ್ಯಾಂಕ್ಸ್. ಮೈಕ್ ಕೇಬಲ್ ವಾಪಸ್ ಕೊಟ್ವಿ. ಕ್ಯಾಟ್ 6 ಎಳೆದು, ಎರಡು ಪೋರ್ಟಿನ ಒಂದು ನೋಡ್ ಸ್ಟೇಜ್ ಪಕ್ಕ ಇಟ್ಟು, ಸ್ಪ್ಲಿಟರ್ ಹಾಕಿ, ಸಾಲು ಸಾಲಿಗೂ ಟರ್ಮಿನೇಟರ್ ನಾನೇ ಬೆಸುಗೆ ಹಾಕ್ದೆ, ಬೆರಳೂ ಸುಟ್ಕೊಂಡೆ. ಅಗ್ಗದ ಡಾಂಗಲ್ ಈಗ ಬ್ಯಾಗಲ್ಲಿ ಸ್ಟೆಪ್ನಿ. ಪಿಕ್ಸೆಲ್‌ಗೆ ಈಥರ್ನೆಟ್ ಇರೋ ಕಂಟ್ರೋಲರ್, ಎಸ್‌ಎಸಿಎನ್ ಮೇಲೆ, ನಿರ್ದೇಶಕರು ಪೂರ್ತಿ ಬಿಳಿ ಕೇಳಿದ್ರು, 36 ಆಂಪಿನ ಕತೆ ಹೇಳಿ ನೀಲಿಗೆ ಒಪ್ಸಿದೀನಿ. ಶೋ ಆಯ್ತು, ಯಾವ ಪಾರೂ ಕುಣೀಲಿಲ್ಲ. ಎಡಗಡೆ ಮೂರನೇದು ಮಾತ್ರ ಇಡೀ ನಾಟಕ ಹತ್ಲೇ ಇಲ್ಲ. ಆರ್ಟ್‌ನೆಟ್ಟಾ, ಕೇಬಲ್ಲಾ, ಐಪಿನಾ ಅಂತ ಇಂಟರ್ವಲ್ ಪೂರ್ತಿ ತಲೆ ಕೆಡಿಸ್ಕೊಂಡೆ. ಬಿಚ್ಚುವಾಗ ನೋಡ್ತೀನಿ, 17 ಅಂತ ಇಡ್ಬೇಕಾದ ಅಡ್ರೆಸ್ (ಆ ಪಾರಿನ ಮೊದಲ ಚಾನೆಲ್ ನಂಬರ್) 71 ಅಂತ ಇಟ್ಟಿದೀನಿ.